ಫಿಟ್ಸ್ ನಿಜವೋ ನಾಟಕವೋ?

ಮಂಡ್ಯದ ಜೈಲಿನಲ್ಲಿ ರಾತ್ರಿ ಪಾಳಿ, ಒಬ್ಬ ಬಂದಿ ಪದೇಪದೇ ಫಿಟ್ಸ್ ಅಂತ ಬೀಳ್ತಾನೆ, ನಾಟಕ ಅಂತ ಹೇಗೆ ತಿಳಿಯೋದು ಅಂದಿರಿ. ಅದನ್ನು ತೀರ್ಮಾನಿಸೋದು ವೈದ್ಯರು ಸಾರ್, ನೀವು ಮೊದಲು ಗಡಿಯಾರ ನೋಡಿ, ಎಷ್ಟು ಹೊತ್ತು ಇತ್ತು ಅಂತ ಗೊತ್ತಾಗಬೇಕು. ನಿಜವಾದ ಫಿಟ್ಸ್‌ನಲ್ಲಿ ಸಾಮಾನ್ಯವಾಗಿ ಕಣ್ಣು ತೆರೆದಿರುತ್ತೆ, ನಾಲಿಗೆಯ ಪಕ್ಕ ಕಚ್ಚಿಕೊಂಡಿರಬಹುದು, ಆಮೇಲೆ ಸ್ವಲ್ಪ ಹೊತ್ತು ಮಂಕು. ರೆಪ್ಪೆ ಬಿಗಿಯಾಗಿ ಮುಚ್ಚಿದ್ದರೆ ಅನುಮಾನ ಬರುತ್ತೆ, ಆದರೆ ಮನಸ್ಸಿನ ಒತ್ತಡದಿಂದ ಬರುವ ಫಿಟ್ಸ್‌ನಲ್ಲೂ ಹಾಗೇ ಆಗುತ್ತೆ, ಅದು ಬೇಕಂತ ಮಾಡೋದಲ್ಲ. ಕುಡಿತ ಹಠಾತ್ತಾಗಿ ನಿಂತರೂ ಫಿಟ್ಸ್ ಬರುತ್ತೆ, ಹಾಗಾಗಿ ಕುಡಿತ ನಿಂತು ಒಂದೆರಡು ದಿನವಾದ ಹೊಸ ಬಂದಿಯಾದರೆ ನಿಜ ಅಂತಲೇ ಹಿಡಿಯಿರಿ.

ಕೈಗೆ ಬೀಗದ ಕೈ ಗೊಂಚಲು ತುರುಕಬೇಡಿ, ಬಾಯಿಗೆ ಏನೂ ಇಡಬೇಡಿ. ಒದ್ದಾಟ ನಿಂತ ಮೇಲೆ ಮಗ್ಗುಲಿಗೆ ಮಲಗಿಸಿ. 5 ನಿಮಿಷ ದಾಟಿದರೆ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೆ ಕಳಿಸಿ. ರಿಜಿಸ್ಟರಿನಲ್ಲಿ 'ನಾಟಕ' ಅಂತ ಬರೀಬೇಡಿ, '2.10ಕ್ಕೆ ಬಿದ್ದ, 3 ನಿಮಿಷ, ಕಣ್ಣು ಮುಚ್ಚಿತ್ತು' ಅಂತ ಬರೆಯಿರಿ.