ಮಂಗಳೂರಿನಿಂದ ಟೊರಾಂಟೊ ಎಷ್ಟು ದೂರ?

ತಮ್ಮಾ, ಸೆಪ್ಟೆಂಬರಿನಲ್ಲಿ ಓದಲು ಟೊರಾಂಟೊಗೆ ಬರುವವನು ನೀನು. ಊರಿನಿಂದ ವಿಮಾನದಲ್ಲಿ ಎಷ್ಟು ಗಂಟೆ, ಚಳಿ ತಡೆಯಬಹುದೇ, ಕುಚ್ಚಲಕ್ಕಿ ಸಿಗುತ್ತದೆಯೇ ಎಂದು ಕೇಳಿದ್ದೀಯ. ಕೋಟನ್ನು ಇಲ್ಲಿಗೆ ಬಂದ ಮೇಲೆ ಕೊಂಡುಕೋ. ಅಕ್ಕಿ ಮಲಯಾಳಿಗಳ ಅಂಗಡಿಯಲ್ಲಿ ಸಿಗುತ್ತದೆ, ಚಿಂತೆ ಬೇಡ.

ದೂರ ನೇರ ಲೆಕ್ಕದಲ್ಲಿ ಸುಮಾರು 13,000 ಕಿ.ಮೀ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯಿಂದ ದುಬೈಗೆ ನಾಲ್ಕು ಗಂಟೆಯ ಹತ್ತಿರ, ಅಲ್ಲಿಂದ ಟೊರಾಂಟೊಗೆ 14 ಗಂಟೆ. ನಡುವೆ ಕಾಯುವುದು, ಉಡುಪಿಯಿಂದ ಪಡುಬಿದ್ರಿ, ಮೂಲ್ಕಿ ದಾಟಿ ಬಜಪೆ ತಲುಪುವುದು ಸೇರಿದರೆ ಒಂದು ದಿನ ಮೀರುತ್ತದೆ. ಆದರೆ ಇಲ್ಲಿನ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಬೆಳಗಿನ ಜಾವ ಹೊರಟವನು ಅದೇ ತಾರೀಖಿನ ರಾತ್ರಿ ಇಳಿಯುತ್ತಾನೆ. ನಾನು ಮೊದಲ ಸಲ ಬಂದಾಗ ತಾರೀಖು ಬದಲಾಗದಿದ್ದುದನ್ನು ಕಂಡು, ಊರು ಅಷ್ಟೇನೂ ದೂರವಿಲ್ಲ ಎಂದು ಸಮಾಧಾನಪಟ್ಟಿದ್ದೆ.

ಊರಿಗೆ ಹೋಗುವ ಲೆಕ್ಕ ಬೇರೆ. ಪಶ್ಚಿಮದ ಮೇಲ್ಗಾಳಿ ಹಿಂದಿನಿಂದ ತಳ್ಳುವುದರಿಂದ ಹಾರಾಟ ಒಂದು ಗಂಟೆಯಷ್ಟು ಕಡಿಮೆಯಾಗುತ್ತದೆ, ನಿಜ. ಆದರೂ ಸೋಮವಾರ ರಾತ್ರಿ ಹೊರಟರೆ ಮನೆ ಮುಟ್ಟುವುದು ಬುಧವಾರ.

ನನ್ನ ಅಪ್ಪ ತೀರಿಕೊಂಡದ್ದು ಆಟಿ ತಿಂಗಳ ಮಳೆಯಲ್ಲಿ. ಅಣ್ಣ ಫೋನ್ ಮಾಡಿ, "ನೀನು ಬರುವವರೆಗೆ ಇಡುವುದೇ?" ಎಂದು ಕೇಳಿದ. ಹಿತ್ತಿಲಿನ ಮಾವಿನ ಮರಕ್ಕೆ ಕೊಡಲಿ ಬೀಳುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಅಂಗಳದಲ್ಲಿ ಜನ ನೆರೆದಿದ್ದರು. ಕಾಯಬೇಡಿ ಎಂದೆ. ವಿಮಾನ ಬಜಪೆಯ ಗುಡ್ಡದ ಮೇಲೆ ಸುತ್ತು ಹಾಕಿ, ಮಳೆಗೆ ಇಳಿಯಲಾಗದೆ ಬೆಂಗಳೂರಿಗೆ ಹೋಯಿತು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದಿತ್ತು. ಚಾರ್ಮಾಡಿ ಇಳಿದು ಬಂದೆ. ಅಷ್ಟರಲ್ಲಿ ಅಸ್ಥಿ ಆರಿಸುವ ಸಂಚಯನವೂ ಮುಗಿದಿತ್ತು. ಉತ್ತರಕ್ರಿಯೆಗೆ ನಾನಿದ್ದೆ, ಮಗನಾಗಿ ಮಾಡಬೇಕಾದುದನ್ನೆಲ್ಲ ಮಾಡಿದೆ. ಆದರೆ ಮುಖ ನೋಡಲಿಲ್ಲ. ಕಾಯಿರಿ ಎನ್ನಬೇಕಿತ್ತೇ ಎಂಬ ಪ್ರಶ್ನೆ ಇಂದಿಗೂ ಬಿಟ್ಟಿಲ್ಲ.

ಹೀಗಾಗಿ ಹೇಳುತ್ತೇನೆ. ಒಂದು ಟಿಕೆಟಿನ ಹಣ ಬ್ಯಾಂಕಿನಲ್ಲಿ ಸದಾ ಇರಲಿ, ಕಾಲೇಜಿನ ಶುಲ್ಕಕ್ಕೂ ಅದನ್ನು ಮುಟ್ಟಬೇಡ. ಇಲ್ಲಿ ಓದಲು ಕೊಡುವ ಸ್ಟಡಿ ಪರ್ಮಿಟ್ ಇದೆಯೆಂದು, ದೇಶದೊಳಗೆ ಬರಲು ಬೇಕಾದ ವೀಸಾದ ಅವಧಿ ಮರೆಯಬೇಡ; ವೀಸಾ ಮುಗಿದಿದ್ದರೆ ಊರಿಗೆ ಹೋದವನು ಹೊಸ ವೀಸಾ ಸಿಗುವವರೆಗೆ ಅಲ್ಲೇ ಉಳಿಯಬೇಕಾಗುತ್ತದೆ. ಮಳೆಗಾಲದಲ್ಲಿ ಮಂಗಳೂರಿನವರೆಗೂ ಒಂದೇ ಟಿಕೆಟ್ ಮಾಡಿಸು. ಬಿಡಿ ಬಿಡಿಯಾಗಿ ಕೊಂಡರೆ, ಒಂದು ವಿಮಾನ ತಡವಾಗಿ ಮುಂದಿನದು ತಪ್ಪಿದಾಗ ಹೊಣೆ ಹೊರುವವರಿರುವುದಿಲ್ಲ.

ಇನ್ನೊಂದು ಕೆಲಸ ಊರಿನಲ್ಲೇ ಮುಗಿಸಬೇಕು. ಅಂಥ ಹೊತ್ತು ಬಂದರೆ ನಿನಗಾಗಿ ಕಾಯಬೇಕೇ, ಬೇಡವೇ ಎಂಬುದನ್ನು ಮನೆಯವರ ಬಳಿ ಮಾತನಾಡಿಕೋ. ನಿನ್ನ ಅಪ್ಪ ಅಮ್ಮನ ಎದುರು ಬಾಯಿ ಬಾರದಿದ್ದರೆ ಅಕ್ಕನ ಹತ್ತಿರವಾದರೂ ಹೇಳು. ಹೊರಡುವ ದಿನದ ಗಡಿಬಿಡಿಯಲ್ಲಿ ಆಗುವ ಮಾತಲ್ಲ ಅದು, ಈ ವಾರವೇ ಆಡು.