ಓದುಗರ ಪ್ರಶ್ನೆ: ಸುಂಟರಗಾಳಿಯ ಊರಿನಲ್ಲಿ ಮಗಳ ಸಂಸಾರ

ಪ್ರಶ್ನೆ: ನನ್ನ ಮಗಳು ಮತ್ತು ಅಳಿಯ ಮೂರು ವರ್ಷದ ಮಗುವಿನೊಂದಿಗೆ ಅಮೆರಿಕದ ಒಕ್ಲಹೋಮಾ ಸಿಟಿಯಲ್ಲಿ ಮಹಡಿಯ ಮೇಲಿನ ಅಪಾರ್ಟ್‌ಮೆಂಟೊಂದರಲ್ಲಿದ್ದಾರೆ. ನೆಲಮಾಳಿಗೆಯಿಲ್ಲ. ಸುಂಟರಗಾಳಿ ಬಂದರೆ ಕಾರಿನಲ್ಲಿ ಹೊರಟುಬಿಡುತ್ತೇವೆ ಎನ್ನುತ್ತಾರೆ. ಇದು ಸರಿಯೇ? ಇಲ್ಲಿಂದ ನಾನೇನು ಮಾಡಬಹುದು?
— ಒಬ್ಬ ತಾಯಿ, ಮೈಸೂರು

ಉತ್ತರ: ಕಾರಿನ ಯೋಚನೆಯನ್ನು ಅವರು ದಯವಿಟ್ಟು ಕೈಬಿಡಲಿ. 2013ರ ಮೇ 31ರಂದು ಅದೇ ನಗರದ ಪಶ್ಚಿಮಕ್ಕಿರುವ ಎಲ್ ರೀನೊ ಬಳಿ ನಾಲ್ಕು ಕಿಲೋಮೀಟರಿಗೂ ಹೆಚ್ಚು ಅಗಲದ ಸುಂಟರಗಾಳಿ ಬೀಸಿದಾಗ ಅದಕ್ಕೆ ಬಲಿಯಾದ ಎಂಟು ಮಂದಿಯೂ ವಾಹನಗಳಲ್ಲಿದ್ದವರು. ಅವರಲ್ಲಿ ಇಂಥ ಗಾಳಿಗಳ ಅಧ್ಯಯನದಲ್ಲೇ ವರ್ಷಗಳನ್ನು ಕಳೆದಿದ್ದ ಟಿಮ್ ಸಮಾರಾಸ್ ಕೂಡ ಇದ್ದರು. ಗಾಳಿ ದಿಕ್ಕು ಬದಲಿಸುತ್ತದೆ, ರಸ್ತೆಗಳು ಕಿಕ್ಕಿರಿಯುತ್ತವೆ. ಮೇಲ್ಸೇತುವೆಯ ಕೆಳಗೂ ಆಶ್ರಯವಿಲ್ಲ.

ಅಲ್ಲಿನ ಹವಾಮಾನ ಇಲಾಖೆ ‘ವಾಚ್’ ಎಂದರೆ ಸುಂಟರಗಾಳಿ ಏಳುವ ಸಂಭವವಿದೆ ಎಂದರ್ಥ. ‘ವಾರ್ನಿಂಗ್’ ಎಂದರೆ ಅದು ಕಣ್ಣಿಗೆ ಅಥವಾ ರೇಡಾರಿಗೆ ಕಂಡಿದೆ ಎಂದರ್ಥ. ಸುರಕ್ಷಿತ ಕೊಠಡಿಯಿರುವ ಸ್ನೇಹಿತರ ಮನೆಗೆ ಹೋಗುವುದಿದ್ದರೆ ವಾಚ್ ಇರುವಾಗಲೇ ಹೋಗಬೇಕು. ವಾರ್ನಿಂಗ್ ಬಂದಮೇಲೆ ಉಳಿಯುವುದು ಕೆಲವೇ ನಿಮಿಷ. ಆದ್ದರಿಂದ ಕೆಳ ಅಂತಸ್ತಿನ ನೆರೆಯವರೊಡನೆ ಈಗಲೇ ಮಾತನಾಡಿ, ಕಿಟಕಿಯಿಲ್ಲದ ಒಳಗಿನ ಸ್ನಾನದ ಮನೆಯನ್ನೋ ಬಟ್ಟೆಯ ಕೋಣೆಯನ್ನೋ ಗೊತ್ತುಮಾಡಿಕೊಂಡು, ಮಗುವನ್ನೆತ್ತಿಕೊಂಡು ಅಲ್ಲಿಗಿಳಿಯಲು ಎಷ್ಟು ಹೊತ್ತು ಬೇಕೆಂಬುದನ್ನು ಒಂದೆರಡು ಬಾರಿ ಅಭ್ಯಾಸ ಮಾಡಿಯೇ ತಿಳಿದುಕೊಳ್ಳಲಿ. ಮೂವರಿಗೂ ಹೆಲ್ಮೆಟ್ ಇರಲಿ, ಏಕೆಂದರೆ ಹಾರಿಬರುವ ವಸ್ತುಗಳಿಂದಲೇ ಹೆಚ್ಚಿನ ಅಪಾಯ. ಗಟ್ಟಿ ಅಟ್ಟೆಯ ಬೂಟುಗಳನ್ನು ಮರೆಯದಿರಲಿ. ಗಾಳಿ ನಿಂತಮೇಲೆ ಗಾಜು, ಮೊಳೆಗಳ ನಡುವೆ ನಡೆಯಬೇಕಾಗುತ್ತದೆ. ಸೈರನ್ ಹೊರಗಿರುವವರಿಗಾಗಿ ಇರುವಂಥದ್ದು, ಮಲಗಿರುವಾಗ ಕೇಳಿಸದೆಯೂ ಹೋಗಬಹುದು; ಹಾಗಾಗಿ ಬ್ಯಾಟರಿಯಿಂದ ನಡೆಯುವ ಹವಾಮಾನ ರೇಡಿಯೊ ಹಾಸಿಗೆಯ ಬಳಿ ಇರಬೇಕು. ಕಿಟಕಿ ತೆರೆದಿಟ್ಟರೆ ಮನೆ ಉಳಿಯುತ್ತದೆಂಬುದು ಹಳೆಯ ತಪ್ಪು ನಂಬಿಕೆ, ಅದಕ್ಕಾಗಿ ಒಂದು ಕ್ಷಣವನ್ನೂ ಕಳೆಯಬಾರದು.

ಇನ್ನು ನಿಮ್ಮ ಪಾತ್ರ. ಗಂಡ ಹೆಂಡತಿ ಬೇರೆ ಬೇರೆ ಕಡೆ ಸಿಲುಕಿದರೆ ಇಬ್ಬರೂ ಸುದ್ದಿ ಮುಟ್ಟಿಸಲು ದೂರದೂರಿನವರೊಬ್ಬರು ಬೇಕು, ಸ್ಥಳೀಯ ಕರೆಗಳು ಸಿಗದಿದ್ದಾಗಲೂ ಹೊರಗಿನವರಿಗೆ ಸಂದೇಶ ತಲುಪುವುದುಂಟು. ಆ ವ್ಯಕ್ತಿ ನೀವೇ ಆಗಬಹುದು. ನಿಮ್ಮ ಸಂಖ್ಯೆ ಇಬ್ಬರಿಗೂ ಬಾಯಿಪಾಠವಾಗಿರಲಿ. ಅಲ್ಲಿ ಸುಂಟರಗಾಳಿಗಳು ಹೆಚ್ಚಾಗಿ ಸಂಜೆ ನಾಲ್ಕರಿಂದ ಒಂಬತ್ತರೊಳಗೆ ಏಳುತ್ತವೆ. ವಸಂತದ ತಿಂಗಳುಗಳಲ್ಲಿ ಅದು ನಮಗೆ ನಸುಕಿನ ಎರಡೂವರೆಯಿಂದ ಬೆಳಗಿನ ಏಳೂವರೆಯವರೆಗಿನ ಹೊತ್ತು. ವಾಚ್ ಇದೆಯೆಂದು ಮಗಳು ತಿಳಿಸಿದ ರಾತ್ರಿ ಫೋನಿನ ಸದ್ದನ್ನು ಜೋರಾಗಿಟ್ಟುಕೊಂಡೇ ಮಲಗಿರಿ.