ಈರುಳ್ಳಿ ಬೇರಿನಲ್ಲಿ ಕ್ರೋಮೋಸೋಮ್ ಕಾಣುತ್ತಿಲ್ಲ – ಪ್ರತಿಕ್ರಿಯೆ

ಈರುಳ್ಳಿ ಬೇರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಕ್ರೋಮೋಸೋಮ್ (ಕೋಶದೊಳಗಿನ ಡಿಎನ್‌ಎ ಎಳೆಗಳು) ಕಾಣುತ್ತಿಲ್ಲ ಅಂತ ಕೇಳಿದ್ದೀರಿ. ನೀವು ಬೇರಿನ ತುದಿ ಬಿಟ್ಟು ಅದರ ಮೇಲಿನ ಭಾಗ ತೆಗೆದುಕೊಂಡಿರುವ ಸಾಧ್ಯತೆ ಜಾಸ್ತಿ. ಬಣ್ಣ ಚೆನ್ನಾಗಿ ಹಿಡಿದಿದೆ, ಕೋಶಗಳು ಉದ್ದುದ್ದ ಇವೆ, ಎಲ್ಲದರಲ್ಲೂ ಬರೀ ದುಂಡನೆಯ ನ್ಯೂಕ್ಲಿಯಸ್ (ಡಿಎನ್‌ಎ ಇರುವ ಕೋಶಕೇಂದ್ರ) ಅಂದಿದ್ದೀರಲ್ವಾ, ಆ ಉದ್ದವೇ ಗುರುತು. ವಿಭಜನೆ ನಡೆಯುವುದು ತುದಿಯಲ್ಲಿ, ಅದರ ಮೇಲಿನ ಕೋಶಗಳು ವಿಭಜನೆ ನಿಲ್ಲಿಸಿರುತ್ತವೆ. ಜೀನ್‌ಗಳನ್ನು ಓದಿ ಪ್ರೋಟೀನ್ ಮಾಡಬೇಕಾದರೆ ಡಿಎನ್‌ಎ ಸಡಿಲವಾಗಿರಬೇಕು, ಹಾಗಾಗಿ ಕ್ರೋಮೋಸೋಮ್‌ಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ವಿಭಜನೆ ಹೊತ್ತಿಗೆ ಮಾತ್ರ ಬಿಗಿಯಾಗಿ ಸುತ್ತಿಕೊಳ್ಳುತ್ತವೆ.

ಬೇರು 2–3 ಸೆಂ.ಮೀ. ಬಂದಾಗ ಬೆಳಿಗ್ಗೆ ಕತ್ತರಿಸಿ. ಒಂದು ಪಾಲು ಅಸಿಟಿಕ್ ಆಮ್ಲ, ಮೂರು ಪಾಲು ಎಥನಾಲ್ ಬೆರೆಸಿ ಅದರಲ್ಲಿ 24 ಗಂಟೆ ಬಿಡಿ. ತೊಳೆದು, 1 ನಾರ್ಮಲ್ (ಸಾಂದ್ರತೆಯ ಅಳತೆ) ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 5ರಿಂದ 10 ನಿಮಿಷ ಇಡಿ. ಸೂಜಿ ಮುಟ್ಟಿದರೆ ಕುಸಿಯುವಷ್ಟು ಮೆತ್ತಗಾಗಬೇಕು. ಮತ್ತೆ ತೊಳೆದು ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣ ಹಾಕಿ, ಅರ್ಧ ಗಂಟೆ ಕಾಯಿರಿ.

ಈಗ ಮುಖ್ಯವಾದದ್ದು. ಕೊನೆಯ 1–2 ಮಿ.ಮೀ. ಮಾತ್ರ ಗಾಢ ಕೆಂಪಾಗಿರುತ್ತದೆ. ಅದನ್ನಷ್ಟೇ ಸ್ಲೈಡ್ ಮೇಲೆ ಉಳಿಸಿಕೊಳ್ಳಿ, ಮಿಕ್ಕಿದ್ದು ಬೇಡ. ಕವರ್‌ಸ್ಲಿಪ್ ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಜಾರಿಸಿದರೆ ಕೋಶಗಳು ಹರಿದುಹೋಗುತ್ತವೆ.

ಮೊದಲು 10x ಲೆನ್ಸ್‌ನಲ್ಲಿ ಚಿಕ್ಕ, ಚೌಕಾಕಾರದ ಕೋಶಗಳ ಗುಂಪು ಹುಡುಕಿ, ಆಮೇಲೆ 40xಗೆ ಹೋಗಿ. ಇಲ್ಲೂ ಹೆಚ್ಚಿನವು ವಿಭಜನೆ ಆಗುತ್ತಿರುವುದಿಲ್ಲ, ತಾಳ್ಮೆ ಬೇಕು. ಚೆನ್ನಾಗಿ ಹರಡಿದ ಒಂದು ಕೋಶ ಸಿಕ್ಕರೆ 16 ಕ್ರೋಮೋಸೋಮ್ ಎಣಿಸಬಹುದು, ಅದನ್ನು ನೋಡುವ ಖುಷಿಯೇ ಬೇರೆ!

ಹೀಗೂ ಸಿಗದಿದ್ದರೆ ಕತ್ತರಿಸಿದ ಹೊತ್ತು ಕಾರಣ ಇರಬಹುದು, ಖಚಿತವಾಗಿ ಹೇಳಲಾರೆ. ಎರಡು ಗಂಟೆಗೊಮ್ಮೆ ಕೆಲವು ಬೇರು ಕತ್ತರಿಸಿ ಬೇರೆ ಬೇರೆ ಬಾಟಲಿಯಲ್ಲಿಟ್ಟು ಹೋಲಿಸಿ ನೋಡಿ.